ಸೇತುವೆ ದಾಟದ ಕೊಟ್ರೇಶ

ಕೊಟ್ರೇಶನ ಗ್ರಹಚಾರ ಕೆಟ್ಟಿದ್ದು ಒಂದೇ ಒಂದು ಮಾತಿನಿಂದ. ಹೋದ ತಿಂಗಳು ಜಗಳೂರಿನವರ ಟೂರ್ ಬಸ್ಸಿನಲ್ಲಿ ಹೆಂಡತಿ ಮಮತಾಳ ಜೊತೆ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ, ವಾಪಸ್ ಬಸವಾಪಟ್ಟಣದಲ್ಲಿ ಇಳಿದಾಗ ಪಕ್ಕದ ಮನೆ ಬಸವರಾಜ್ "ಲುಂಬಿನಿ ಹೆಂಗಿತ್ತೋ?" ಅಂದ. ಕೊಟ್ರೇಶ "ಚೆನ್ನಾಗಿತ್ತು" ಅಂದುಬಿಟ್ಟ.

ಅವನು ಲುಂಬಿನಿ ನೋಡಿರಲೇ ಇಲ್ಲ. ಎಲೆಕ್ಷನ್ ಇಲ್ಲದಾಗ ವೋಟರ್ ಕಾರ್ಡ್ ಯಾಕೆ ಅಂತ ಅದನ್ನು ಟ್ರಂಕಿನಲ್ಲೇ ಬಿಟ್ಟು, ಬರೀ ಆಧಾರ್ ಹಿಡಿದು ಹೊರಟಿದ್ದ ಪುಣ್ಯಾತ್ಮ. ನೇಪಾಳದ ಗಡಿ ಸೇತುವೆ ಹತ್ತಿರ ಟೂರಿನ ಯಜಮಾನ ತಿಪ್ಪೇಶಪ್ಪ, "ಆಧಾರ್ ನಡಿಯಲ್ಲಪ್ಪ. ಬಸ್ಸೂ ಈಚೆಗೇ ನಿಲ್ತೈತೆ. ನೀನು ಅಡಿಗೆ ಪಾತ್ರೆ, ಅಕ್ಕಿ ಮೂಟೆ ಕಾಯ್ಕೊಂಡಿರು" ಅಂದ. ಮಮತಾ, ಉಳಿದವರು ಆಚೆಯ ವ್ಯಾನು ಹತ್ತಲು ಸೇತುವೆ ಮೇಲೆ ನಡೆದು ಹೋದರು. ಕೊಟ್ರೇಶ ಇಡೀ ದಿನ ಸೇತುವೆ ಬುಡದ ಟೀ ಅಂಗಡಿಯ ಮುದುಕನ ಜೊತೆ ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ ಮಾತಾಡುತ್ತಾ ಕೂತ. ಅಷ್ಟು ದೂರ ಹೋಗಿ ಪಾತ್ರೆ ಕಾಯ್ದೆ ಅಂತ ಊರಲ್ಲಿ ಹೇಳಲು ನಾಚಿಕೆಯಾಯಿತು, ಅಷ್ಟೇ.

ಇವತ್ತು ಬುದ್ಧಪೂರ್ಣಿಮೆ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಬ್ಯಾನರ್: 'ಲುಂಬಿನಿ ಕಂಡ ಕೊಟ್ರೇಶ್ ಅವರಿಗೆ ಸನ್ಮಾನ ಹಾಗೂ ಉಪನ್ಯಾಸ'. ಎಲ್ಲ ಬಸವರಾಜನ ಕಾರುಬಾರು.

ಕೊಟ್ರೇಶ ಅಡಿಗೆಮನೆಗೆ ಓಡಿದ. "ಅಲ್ಲಿ ಏನೇನೈತೆ ಹೇಳೇ, ಮಾನ ಹೋಗ್ತೈತೆ."

"ಒಗ್ಗರಣೆ ಸೀಯ್ತೈತೆ, ಆಮೇಲೆ ಹೇಳ್ತೀನಿ ಹೋಗ್ರೀ" ಅಂದಳು ಮಮತಾ. ತಿಂಗಳಿಂದ ಅವಳದು ಇದೇ ಉತ್ತರ.

ಬುದ್ಧವಿಹಾರದಲ್ಲಿ ಇಡೀ ಕೇರಿಯೇ ಕೂತಿತ್ತು. ಮೊದಲೇ ಶಾಲು ಹೊದಿಸಿ ಮೈಕು ಕೊಟ್ಟುಬಿಟ್ಟರು. ಕೊಟ್ರೇಶ ಮೈಕು ಹಿಡಿದು ಎದ್ದು ನಿಂತ.

"ಲುಂಬಿನಿಗೆ ಹೋಗಬೇಕಂದ್ರೆ ಮೊದ್ಲು ಒಂದು ಸೇತುವೆ ಬರ್ತೈತೆ" ಎಂದು ಶುರುಮಾಡಿದ. ಟೀ ಅಂಗಡಿ ಮುದುಕ ಹೇಳಿದ್ದೆಲ್ಲ ತಾನಾಗಿಯೇ ಬರತೊಡಗಿತು. "ಹಿಂದೆ ಅಲ್ಲಿ ಬರೀ ದೋಣಿ. ಆಮೇಲೆ ಮರದ ಸೇತುವೆ. ಒಂದು ಮಳೆಗಾಲ ಮದುವೆ ದಿಬ್ಬಣ ದಾಟುವಾಗ ಅದು ನಡುವೆ ಮುರೀತು. ಮದುಮಗ ಆ ದೇಶದಾಗೆ, ಓಲಗದೋರು ಈ ದೇಶದಾಗೆ. ಈಗಿರೋದು ಸಿಮೆಂಟಿಂದು, ಹದಿನೇಳು ಕಂಬ. ಒಂಬತ್ತನೇ ಕಂಬಕ್ಕೆ ಯಾವ ದೇಶದೋರು ಬಣ್ಣ ಹೊಡೀಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದು ಹಂಗೇ ಬೋಳಾಗಿ ನಿಂತೈತೆ."

ಜನ ನಕ್ಕರು. ಕೊಟ್ರೇಶನಿಗೆ ಹುರುಪು ಬಂತು.

ಮುಂದಿನ ಸಾಲಿನ ಗಾದ್ರಮ್ಮಜ್ಜಿ ಕೈ ಎತ್ತಿದಳು. "ಮಗಾ, ಅರ್ಧ ಗಂಟೆಯಿಂದ ಸೇತುವೆ ಮೇಲೇ ನಿಂತೀಯ. ದಾಟು. ಬುದ್ಧ ಹುಟ್ಟಿದ ಜಾಗ ಹೆಂಗೈತೆ ಹೇಳು."

ಕೊಟ್ರೇಶ, "ಅದನ್ನ... ಅದನ್ನ ಮಮತಾ ಚೆನ್ನಾಗಿ ಹೇಳ್ತಾಳೆ" ಎಂದು ಮೈಕನ್ನು ಹೆಂಡತಿಗೆ ದಾಟಿಸಿದ.

ಮಮತಾ ಸೆರಗು ಸರಿಮಾಡಿಕೊಂಡಳು. "ಸೇತುವೆ ಇಳಿದ್ರೆ ಎಡಗಡೆಗೆ ಕಂಬಳಿ ಅಂಗಡಿ. ಅದರ ಪಕ್ಕ ಬಳೆ ಅಂಗಡಿ. ಅದಾದ ಮೇಲೆ ಸ್ವೆಟರ್ ಅಂಗಡಿ..."

"ಅದಾದ ಮೇಲೆ?"

"ಅದಾದ ಮೇಲೆ... ಚೆನ್ನಾಗಿತ್ತು."

ಆ ಮಾತಿನ ಗುರುತು ಕೊಟ್ರೇಶನಿಗಿಂತ ಚೆನ್ನಾಗಿ ಇನ್ಯಾರಿಗಿತ್ತು? ಬಾಯಿಬಿಟ್ಟು ಹೆಂಡತಿಯನ್ನು ನೋಡಿದ. "ಕಂಬಳಿ ಚೌಕಾಸಿ ಮಾಡೋದ್ರೊಳಗೆ ವ್ಯಾನು ಹೋಗಿಬಿಡ್ತು ಕಣ್ರೀ" ಎಂದು ಅವಳು ಅವನ ಕಿವಿಯಲ್ಲಿ ಉಸುರಿದಳು.

"ಕೇಳಿದ್ದು ಸಾಕು, ನಾವೇ ಹೋಗಿ ನೋಡನ" ಅಂದಳು ಗಾದ್ರಮ್ಮಜ್ಜಿ. ನಿಂತ ನಿಲುವಿನಲ್ಲೇ ಕೇರಿಗೊಂದು ಬಸ್ಸು ಗೊತ್ತಾಯಿತು. ಬಸವರಾಜ್ ಹೆಸರು ಬರೆಯಲು ಕೂತ. ಕೊಟ್ರೇಶನಿಗೆ ಹೋದ ಜೀವ ಬಂದಂತಾಯಿತು. ಈ ಸಲವಾದರೂ ನೋಡಬಹುದು. ತಿಂಗಳಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ವೋಟರ್ ಕಾರ್ಡ್ ತೆಗೆದು, "ನನ್ನ ಹೆಸರು ಮೊದ್ಲು ಬರಿಯಪ್ಪ" ಅಂದ.

"ಆಗಲೇ ಬರದೀನಿ. ಬಸ್ಸಿನತ್ರ ಪಾತ್ರೆ ಕಾಯಾಕೆ ಒಬ್ಬರು ಬೇಕಲ್ಲ, ಅದು ನೀನೇ. ಆ ಸೇತುವೆ ನಿನ್ನಷ್ಟು ಗೊತ್ತಿರೋರು ಯಾರವ್ರೆ? ನೀನು ಹೆಂಗೂ ಲುಂಬಿನಿ ನೋಡೀಯ, ನೋಡದೇ ಇರೋರು ಹೋಗಿ ಬರ್ಲಿ."

ಕೊಟ್ರೇಶ ತಲೆ ಮೇಲೆ ಇಲ್ಲೂ ಕಟ್ಟಿದ್ದ ಅದೇ ಬ್ಯಾನರ್ ನೋಡಿದ. ಹೆಗಲ ಮೇಲಿನ ಶಾಲು ಮುಟ್ಟಿಕೊಂಡ.

"ಆಯ್ತು" ಅಂದ.