ತಿಪ್ಪೇಸ್ವಾಮಿಯ ಸದ್ದುನುಂಗಿ

"ನೋಡಿಲ್ಲಿ, ಇದರ ಹೆಸರು ಸದ್ದುನುಂಗಿ!"

ತಿಪ್ಪೇಸ್ವಾಮಿ ಎದೆಯುಬ್ಬಿಸಿ ನಿಂತಿದ್ದ. ಬೈಕಿನ ಟ್ಯಾಂಕಿಗೆ ಗೋಂದು ಹಾಕಿ ಒಂದು ಊಟದ ಕ್ಯಾರಿಯರ್ ಅಂಟಿಸಿದ್ದ. ಅದರಿಂದ ಸ್ಟೆತಸ್ಕೋಪು ಇಳಿಬಿದ್ದಿತ್ತು. ಪಕ್ಕಕ್ಕೆ ಧ್ವನಿವರ್ಧಕ, ನೆತ್ತಿಯಲ್ಲಿ ಕೆಂಪು ದೀಪ.

ಅವನ ಹೆಂಡತಿ ವನಜಾಕ್ಷಿ ಗಡಿಯಾರ ನೋಡಿದಳು. ಒಂಬತ್ತೂ ಇಪ್ಪತ್ತೈದು. ಹನ್ನೊಂದಕ್ಕೆ ಚಿತ್ರದುರ್ಗದಲ್ಲಿ ಶಿಕ್ಷಕರ ವರ್ಗಾವಣೆ ಕೌನ್ಸೆಲಿಂಗ್. ಅವಳದು ಕ್ರಮಸಂಖ್ಯೆ ಮೂರು. ಕೂಗಿದಾಗ ಎದುರಿಗಿಲ್ಲದಿದ್ದರೆ ಹಿರಿಯೂರಿನಲ್ಲಿ ಖಾಲಿಯಿದ್ದ ಒಂದೇ ಜಾಗ ನಾಲ್ಕನೆಯವರ ಪಾಲು. ಅವಳಿಗೆ ಮತ್ತೆ ದಿನಾ ಎರಡು ಬಸ್ಸು, ಮೂರು ಕಿಲೋಮೀಟರ್ ನಡಿಗೆ. ಒಂಬತ್ತು ವರ್ಷದಿಂದ ನಡೆದಂತೆಯೇ.

"ರೀ, ನಾನು ಒಂಬತ್ತೂವರೆ ಬಸ್ಸಿಗೆ ಹೋಗ್ತೀನಿ. ಟ್ಯಾಂಕೊಳಗಿನ ಪಂಪು ಒಂದು ತಿಂಗಳಿಂದ ಕೊಂಯ್ ಅಂತಿದೆ. ಮೆಕ್ಯಾನಿಕ್ಕಿಗೆ ತೋರಿಸಿ ಅಂದ್ರೆ ಕೇಳಲಿಲ್ಲ."

"ಮೆಕ್ಯಾನಿಕ್ಕು ಊಹೆ ಮಾಡ್ತಾನೆ. ಇದು ಆರೋಗ್ಯದ ಸದ್ದನ್ನೆಲ್ಲ ನುಂಗಿಬಿಡುತ್ತೆ. ಉಳಿದದ್ದೇ ರೋಗ! ಅದನ್ನ ಮೈಕಲ್ಲಿ ಕೂಗಿ ಹೇಳುತ್ತೆ!"

"ಆರೋಗ್ಯದ್ದು ಯಾವುದು ಅಂತ ಅದಕ್ಕೆ ಹೇಗೆ ಗೊತ್ತು?"

"ಕಲಿಸಿದೀನಲ್ಲ! ಒಂದು ತಿಂಗಳು ನಿನ್ನ ಅಡುಗೆಮನೆ ಕಿಟಕೀಲಿ ಇಟ್ಟಿದ್ದೆ. ದಿನಾ ಕೇಳೋದೆಲ್ಲ ಆರೋಗ್ಯ!"

ವನಜಾಕ್ಷಿಗೆ ಅಳುಕಾಯಿತು. ದಿನಾ ಬೆಳಿಗ್ಗೆ ಈ ಬೈಕು ನರಳುವುದೂ ಆ ಕಿಟಕಿಯ ಕೆಳಗೇ! ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಗುಂಡಿ ಒತ್ತಿ, ಬೈಕಿನ ಕೀ ತಿರುಗಿಸಿದ.

ಪಂಪಿನ ನರಳಾಟ ಮಾಯ! ಎಂಜಿನ್ನಿನ ಸದ್ದು ಮಾಯ! "ಆರಿಸಿ ಅದನ್ನ" ಎಂದ ಅವಳ ಮಾತೂ ಮಾಯ! ಅವನು ಪೆಚ್ಚಾಗಿ ಕ್ಯಾರಿಯರಿನ ಸುತ್ತ ತಡಕಾಡಿದ. ಆರಿಸುವ ಗುಂಡಿಯನ್ನು ಇನ್ನೂ ಹಾಕಿಯೇ ಇರಲಿಲ್ಲ.

ಬೆನ್ನ ಹಿಂದೆ ಏನೋ ಸರಿದಂತಾಗಿ ವನಜಾಕ್ಷಿ ತಿರುಗಿದಳು. ಒಂಬತ್ತೂವರೆಯ ಬಸ್ಸು ಮನೆ ಮುಂದಿನ ಹೆದ್ದಾರಿಯಲ್ಲಿ ಸದ್ದಿಲ್ಲದೆ ಹೋಗಿಬಿಟ್ಟಿತ್ತು.

ಬೇರೆ ದಾರಿಯಿರಲಿಲ್ಲ. ಬೈಕು ಹತ್ತಿದಳು.

ದಾರಿಯುದ್ದಕ್ಕೂ ಲಾರಿಗಳು ನೆರಳಿನ ಹಾಗೆ ಹಿಂದಿನಿಂದ ಬಂದು, ಸೆರಗಿಗೆ ಗಾಳಿ ಹೊಡೆದು ಮುಂದೆ ಹೋಗುತ್ತಿದ್ದವು. ಹಿಂದೆ ತಿರುಗಿ ನೋಡಿ ನೋಡಿ ಅವಳ ಕುತ್ತಿಗೆ ಹಿಡಿದುಕೊಂಡಿತು. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿತ್ತು. ಬೈಕು ಎರಡು ಸಲ ಮುಗ್ಗರಿಸಿ ನಿಂತೇಹೋಯಿತು. ಹತ್ತೂ ಹತ್ತು!

ತಿಪ್ಪೇಸ್ವಾಮಿಯ ತುಟಿಗಳು ಅಲ್ಲಾಡಿದವು. 'ನಿನ್ನೆ ತಾನೇ ನೋಡಿದ್ದೆ.' 'ಇದು ಕಂಪನಿಯವರ ದೋಷ.' 'ಎರಡೇ ನಿಮಿಷ.' ಕಿವಿಗೆ ಬೀಳದಿದ್ದರೂ ಅವಳಿಗೆ ಎಲ್ಲ ತಿಳಿಯಿತು. ದಿನಾ ಕೇಳಿದ ಮಾತುಗಳೇ. ಯಂತ್ರ ಒಂದನ್ನೂ ಬಿಡದೆ ನುಂಗಿತು.

ಅವಳು ಟ್ಯಾಂಕಿನ ಮುಚ್ಚಳ ತೆಗೆದಳು. ಒಳಗೆ ಬರೀ ತಗಡು! ಸೀಟಿನ ಧೂಳಿನ ಮೇಲೆ ಬೆರಳಿನಿಂದ ಬರೆದಳು: "ಪೆಟ್ರೋಲ್ ಎಲ್ಲಿ?"

ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡತೊಡಗಿದ. ಹತ್ತೂ ಇಪ್ಪತ್ತು. ವನಜಾಕ್ಷಿಯ ಕಣ್ಣು ತುಂಬಿತು. ಅದನ್ನು ಕಂಡು ಅವನು ಬಾಯಿ ತೆರೆದ.

"ತಪ್ಪಾಯ್ತು ಕಣೇ!"

ಯಂತ್ರ ಎಂದೂ ಕೇಳದ ಮಾತು! ಧ್ವನಿವರ್ಧಕ ಗುಡುಗಿತು! ಕೆಂಪು ದೀಪ ಧಗ್ಗನೆ ಹತ್ತಿತು!

"ಒಗ್ಗರಣೆ ಜಿಡ್ಡು ಹಿಡಿದಾಗೆಲ್ಲ ಇದನ್ನ ತೊಳೆಯೋಕೆ ಟ್ಯಾಂಕಿಂದ ಪೆಟ್ರೋಲ್ ತೆಗೀತಿದ್ದೆ! ಪೆಟ್ರೋಲಲ್ಲಿ ಮುಳುಗಿರಬೇಕಾದ ಪಂಪು ಒಣಗಿ ಅರಚ್ತಿತ್ತು! ತಪ್ಪೆಲ್ಲ ನಂದೇ!"

'ನಂದೇ, ನಂದೇ' ಎಂದು ಗುಡ್ಡಗಳೂ ಒಪ್ಪಿಕೊಂಡವು. ಐದೇ ನಿಮಿಷದಲ್ಲಿ ಮುಂದಿನ ಬಂಕಿನ ದಪ್ಪ ಮೀಸೆಯ ಯಜಮಾನರೊಬ್ಬರು ಕ್ಯಾನ್ ಹಿಡಿದು ಸ್ಕೂಟರಿನಲ್ಲಿ ಬಂದಿಳಿದರು.

"ಯಾರ್ರೀ ಅದು, ಹೆಂಡ್ತಿ ಎದುರು ಮೈಕ್ ಹಾಕ್ಕೊಂಡು ತಪ್ಪು ಒಪ್ಪಿದ ಮಹಾನುಭಾವ? ಮುಖ ನೋಡಣ ಅಂತ ಬಂದೆ!"

ಹೊಸ ದನಿ! ಯಂತ್ರ ಅದನ್ನೂ ಊರಿಗೆಲ್ಲ ಸಾರಿತು.

ಚಿತ್ರದುರ್ಗದಲ್ಲಿ ಯಂತ್ರದ ಸಮೇತ ಬೈಕನ್ನು ಕೌನ್ಸೆಲಿಂಗ್ ಕಚೇರಿಯ ಗೇಟಿನ ಹೊರಗೇ ಬಿಟ್ಟು ವನಜಾಕ್ಷಿ ಮೆಟ್ಟಿಲು ಹತ್ತಿ ಓಡಿದಳು. "ಕ್ರಮಸಂಖ್ಯೆ ಮೂರು!" "ಇದೀನಿ ಸಾರ್!" ತನ್ನ ದನಿ ತನಗೇ ಇಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. ಹಿರಿಯೂರು ಸಿಕ್ಕಿತು.

ಯಂತ್ರ ಈಗ ಮತ್ತೆ ಅಡುಗೆಮನೆ ಕಿಟಕಿಯಲ್ಲಿದೆ. ಆರಿಸುವ ಗುಂಡಿಯೂ ಬಂದಿದೆ. ಕೆಂಪು ದೀಪ ಮಾತ್ರ ಅಂದಿನಿಂದ ಹತ್ತಿಲ್ಲ. ಬಲ್ಬು ಹೋಗಿದೆ ಎನ್ನುತ್ತಾನೆ ತಿಪ್ಪೇಸ್ವಾಮಿ.

ವನಜಾಕ್ಷಿ ಪರೀಕ್ಷಿಸಿದ್ದಾಳೆ. ಬಲ್ಬು ಚೆನ್ನಾಗಿಯೇ ಇದೆ.