ಸುಗುಣನ್ ಕೈ ಬೀಸಿದ ದಿನ

ಸುಗುಣನ್ ಆ ಹಲ್ಲನ್ನು ಇನ್ನೊಂದು ದಿನ ಬಾಯಲ್ಲೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೆಳದವಡೆಯ ಕೊನೆಯ ಹಲ್ಲು ಮೂರು ದಿನದಿಂದ ಒಳಗೆ ಚೆಂಡೆ ಬಾರಿಸುತ್ತಿತ್ತು. ಬುಧವಾರ ಮಧ್ಯಾಹ್ನ ಅವನು ಆಲುವಾ ಪೇಟೆಯ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದ. ಅದೇ ಹೊತ್ತಿಗೆ ಕಳಮಶ್ಶೇರಿಯ ಮೈದಾ ಗೋದಾಮಿನಲ್ಲಿ ಉಳಿದ ಹದಿನಾಲ್ಕು ಮಂದಿ ಹಮಾಲರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಸುರಕ್ಷತೆಯ ಪಾಠ ಕೇಳುತ್ತಿದ್ದರು.

ಗೋದಾಮಿಗೆ ಮೂಟೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಬಂದು ತಿಂಗಳಾಗಿತ್ತು. ಕಂಪನಿಯ ಇನ್ನೊಂದು ಗೋದಾಮಿನಲ್ಲಿ ಅಂಥದೇ ಗಾಡಿಯ ಚಕ್ರ ಒಬ್ಬನ ಪಾದದ ಮೇಲೆ ಹತ್ತಿ, ಅವನು ಇನ್ನೂ ಊರುಗೋಲಿನಲ್ಲಿದ್ದ. ಹಾಗಾಗಿ ಸೇಫ್ಟಿ ಆಫೀಸರ್ ಗೀತಾಮಣಿ ಮೇಡಂ ಖುದ್ದಾಗಿ ಬಂದು ನೆಲಕ್ಕೆ ಹಳದಿ ಗೆರೆ ಎಳೆಸಿದ್ದರು. ಗಾಡಿ ಓಡುವಾಗ ಯಾರೂ ಗೆರೆ ದಾಟಕೂಡದು. ದಾಟಿದವನಿಗೆ, ಅವನು ಯಾರೇ ಆಗಿರಲಿ, ಮೂರು ದಿನ ಕೆಲಸವಿಲ್ಲ. ಗೆರೆಯ ಒಳಗೆ ಒಬ್ಬನೇ ಒಬ್ಬ ಸಿಗ್ನಲ್‌ಮ್ಯಾನ್ ಹಸಿರು ಅಂಗಿ ಹಾಕಿಕೊಂಡು ನಿಲ್ಲಬೇಕು. ಅವನ ಕೈ ನೋಡಿಕೊಂಡೇ ಗಾಡಿ ಓಡಬೇಕು.

ಈ ನಿಯಮವೆಲ್ಲ ಸುಗುಣನಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಗೇಟಿನ ಒಳಗೆ ಕಾಲಿಟ್ಟ ಮೇಲೆ. ಅಷ್ಟು ಹೊತ್ತಿಗೆ ಅವನ ಎಡಗೆನ್ನೆ ಹಬೆಯಲ್ಲಿ ಬೆಂದ ಕಡುಬಿನಂತೆ ಉಬ್ಬಿತ್ತು. ಬಾಯೊಳಗೆ ಹತ್ತಿ ಇತ್ತು. ಸಂಜೆಯ ತನಕ ಮಾತಾಡಬಾರದು, ಊದಬಾರದು, ಉಗುಳಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇಪ್ಪತ್ತಾರು ವರ್ಷ ತಲೆಯ ಮೇಲೆ ಮೂಟೆ, ಬಾಯಲ್ಲಿ ಮಾತು, ಎರಡನ್ನೂ ಒಟ್ಟಿಗೆ ಹೊತ್ತು ಬಂದವನಿಗೆ ಮೂಟೆಯಾದರೂ ಹಗುರ, ಈ ಹತ್ತಿ ಭಾರ.

"ಬಾ ಸುಗುಣಾ, ಅಂಗಿ ನಿನಗೇ ಕಾಯ್ತಾ ಇದೆ" ಎಂದ ಔಸೇಪ್. ಅವನು ಹಮಾಲರ ಸಂಘದ ಕನ್ವೀನರ್. ನೀಲಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು ಸಿಕ್ಕಿಸಿಕೊಂಡು ಒಂದರಲ್ಲೂ ಬರೆಯದವನು. "ನಿನ್ನೆ ಒಮ್ಮತದಿಂದ ಪಾಸಾಯ್ತು. ನೀನೇ ಸಿಗ್ನಲ್‌ಮ್ಯಾನ್."

ಸುಗುಣನ್ ಎರಡೂ ಕೈ ಅಡ್ಡಡ್ಡ ಆಡಿಸಿದ.

"ವಿರೋಧ ಇದ್ದಿದ್ರೆ ನಿನ್ನೆ ಸಭೇಲಿ ಹೇಳ್ಬೇಕಿತ್ತು. ಬರ್ದೇ ಇದ್ದವರು ಒಪ್ಪಿದ ಹಾಗೇ ಲೆಕ್ಕ."

ನಿಂತು ಕೈ ಬೀಸುವ ಕೆಲಸ ಯಾರಿಗೂ ಬೇಕಾಗಿರಲಿಲ್ಲ. ಮೂಟೆ ಹೊರುವವನಿಗೆ ಮೂಟೆಯ ಮರ್ಯಾದೆ ಇದೆ. ಗೊಂಬೆಯ ಹಾಗೆ ನಿಲ್ಲುವವನಿಗೆ ಏನಿದೆ? ಸುಗುಣನಿಗೆ ಅದನ್ನೇ ಹೇಳಬೇಕೆನಿಸಿತು. ಬಾಯಿ ತೆರೆದರೆ ಹತ್ತಿ ಜಾರುತ್ತಿತ್ತು. ಅಷ್ಟರಲ್ಲಿ ಔಸೇಪ್ ಅವನಿಗೆ ಅಂಗಿ ತೊಡಿಸಿ, ಕೊರಳಿಗೆ ಸೀಟಿ ನೇತುಹಾಕಿ, ಕೈಗೊಂದು ಕಾಗದ ತುರುಕಿದ. ಕಾಗದದಲ್ಲಿ ಕೈಸನ್ನೆಗಳ ಚಿತ್ರಗಳಿದ್ದವು. ಜೆರಾಕ್ಸಿನ ಜೆರಾಕ್ಸು ತೆಗೆದದ್ದರಿಂದ ಕೈಗಳೆಲ್ಲ ಸಾಲಾಗಿ ಕೂತ ಕಾಗೆಗಳಂತೆ ಕಾಣುತ್ತಿದ್ದವು. ಸೀಟಿಯಂತೂ ದಂಡ, ಊದಿದರೆ ಹಲ್ಲಿನ ಗಾಯ ಬಿಚ್ಚಿಕೊಳ್ಳುತ್ತದೆ.

ಅವನು ಕಾಗದವನ್ನು ಮೊಯ್ದೀನ್‌ನ ಮೂಗಿನ ಮುಂದೆ ಹಿಡಿದ. ಇಬ್ಬರೂ ಹದಿನೆಂಟು ವರ್ಷದಿಂದ ಜೋಡಿಯಾಗಿ ಮೂಟೆ ಎತ್ತಿದವರು.

"ಇದಾ? ಸುಲಭ. ಕೈ ಮೇಲೆತ್ತಿದ್ರೆ ಗಾಡಿ ನಿಲ್ಲುತ್ತೆ" ಎಂದ ಮೊಯ್ದೀನ್.

"ನಿಲ್ಲಲ್ಲ, ಮೂಟೆ ಮೇಲೆ ಹೋಗುತ್ತೆ" ಎಂದ ಔಸೇಪ್.

"ನಿಲ್ಲುತ್ತೆ ಅಂತ ಮೇಡಂ ಹೇಳಿದ್ರು."

"ಆ ಹೊತ್ತಿಗೆ ನೀನು ಪಳಂಪೊರಿ ತಿಂತಾ ಇದ್ದೆ."

"ಎರಡನೇದು ತಿಂದವರು ಯಾರು ಔಸೇಪ್ ಚೇಟ್ಟಾ?"

ಮಾತು ಪಾಠದಿಂದ ಬಾಳೆಹಣ್ಣಿನ ಬೋಂಡಾಕ್ಕೆ ಹೊರಳಿತು. ಯಾರು ಎಷ್ಟು ತಿಂದರು ಎಂಬುದು ಹದಿನಾಲ್ಕು ಮಂದಿಗೂ ಚೆನ್ನಾಗಿ ನೆನಪಿತ್ತು. ಸನ್ನೆ ಒಬ್ಬರಿಗೂ ನೆನಪಿರಲಿಲ್ಲ.

ಗಾಡಿ ಓಡಿಸುವವಳು ಜಿನ್ಸಿ. ಪಾಲಾ ಕಡೆಯ ಹುಡುಗಿ, ತರಬೇತಿಯಲ್ಲಿ ಮೊದಲ ಸ್ಥಾನ ಬಂದವಳು. ಬೆಲ್ಟು ಬಿಗಿದುಕೊಂಡು ಕೂತವಳು ಸುಗುಣನನ್ನು ಹತ್ತಿರ ಕರೆದಳು. "ಚೇಟ್ಟಾ, ನಿಮ್ಮ ಕೈ ಏನು ಹೇಳುತ್ತೋ ನನ್ನ ಗಾಡಿ ಅದನ್ನೇ ಮಾಡುತ್ತೆ. ಬೇರೆ ಯಾರ ಬಾಯಿ ಮಾತೂ ನಾನು ಕೇಳಲ್ಲ. ಸರೀನಾ?"

ಸುಗುಣನ್ ತಲೆಯಾಡಿಸಿದ. ಹೌದೋ ಅಲ್ಲವೋ ಎಂಬುದು ಅವನಿಗೇ ತಿಳಿಯಲಿಲ್ಲ.

ಒಂಬತ್ತು ಗಂಟೆಗೆ ಲಾರಿ ಬಂತು. ಮರದ ಪ್ಯಾಲೆಟ್‌ಗಳ ಮೇಲೆ ಇಪ್ಪತ್ತಿಪ್ಪತ್ತು ಮೈದಾ ಮೂಟೆ ಪೇರಿಸಿದ್ದರು. ಡ್ರೈವರ್ ಕೀಲಿಕೈ ಒಪ್ಪಿಸಿ, ಚಕ್ರಗಳಿಗೆ ಮರದ ತುಂಡು ಕೊಟ್ಟು ಹೊರಗೆ ಹೋದ. ಜಿನ್ಸಿ ಫೋರ್ಕ್‌ಲಿಫ್ಟಿನ ಎರಡು ಉದ್ದ ಕೋಡುಗಳನ್ನು ಮೊದಲ ಪ್ಯಾಲೆಟ್‌ನ ಅಡಿಗೆ ತೂರಿಸಿ, ಸುಗುಣನ ಕೈಯನ್ನೇ ನೋಡುತ್ತ ಕಾದಳು.

ರಸ್ತೆಯಾಚೆಯ ಚಹಾದಂಗಡಿಯಿಂದ ತಂಗಮ್ಮ ಕೂಗಿದಳು. "ಸುಗುಣಾ, ಹಲ್ಲು ಕೀಳಿಸಿಕೊಂಡ್ಯಂತೆ. ಚಹಾ ಆರಿಸಿ ಕೊಡಲಾ?"

ಆರಿಸಿ, ಚೆನ್ನಾಗಿ ಕಲಕಿ ಕೊಡು ಎಂದು ಹೇಳಲು ಸುಗುಣನ್ ಬೆರಳೆತ್ತಿ ಗಾಳಿಯಲ್ಲಿ ಸುತ್ತಿಸಿದ.

ಪ್ಯಾಲೆಟ್ ಮೇಲೇರಿತು. ಅವನು ತಂಗಮ್ಮನಿಗೆ ಇನ್ನೂ ಕಲಕಿ ತೋರಿಸುತ್ತಿದ್ದ. ಪ್ಯಾಲೆಟ್ ಇನ್ನೂ ಏರಿತು. "ಸುಗುಣಾ, ಛಾವಣಿಯ ತಗಡು ಹಾರಿಹೋಗುತ್ತೆ ಕಣೋ" ಎಂದು ಮೊಯ್ದೀನ್ ಅರಚಿದಾಗ ತಿರುಗಿ ನೋಡಿದರೆ ಸಾವಿರ ಕಿಲೋ ಮೈದಾ ಅಂಗಳದ ತಗಡಿನ ಮಾಡಿಗೆ ಮುತ್ತು ಕೊಡಲು ಗೇಣಷ್ಟೇ ಬಾಕಿ ಇತ್ತು. ಅವನ ಎರಡೂ ಕೈ ಜೋತುಬಿದ್ದವು. ಜಿನ್ಸಿ ನಿಲ್ಲಿಸಿದಳು.

ಬೆರಳು ಸುತ್ತಿಸಿದರೆ ಮೇಲೆ. ಒಂದು ಗೊತ್ತಾಯಿತು. ಕೆಳಗೆ ಹೇಗೆ?

ಅದೂ ತಾನಾಗಿ ಗೊತ್ತಾಯಿತು. ಗೇಟಿನ ಮುಂದೆ ಅಚ್ಯುತ ಮಾಷ್ ಕೊಡೆ ಹಿಡಿದು ಹೋಗುತ್ತಿದ್ದರು. ಸುಗುಣನಿಗೆ ನಾಲ್ಕನೇ ಕ್ಲಾಸಿನಲ್ಲಿ ಕಿವಿ ಹಿಂಡಿದ ಮೇಷ್ಟ್ರು. ಅವರನ್ನು ಕಂಡೊಡನೆ, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ್ದ ಮುಂಡುಪಂಚೆಯನ್ನು ಅವನ ಕೈಗಳು ಮರ್ಯಾದೆಯ ಅಭ್ಯಾಸಬಲದಿಂದ ಸರ್ರನೆ ಕೆಳಗಿಳಿಸಿದವು. ಸಾವಿರ ಕಿಲೋ ಮೈದಾ ಕೂಡ ಸರ್ರನೆ ಕೆಳಗಿಳಿಯಿತು. ಲಾರಿ ನಡುಗಿ, ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

"ಇವನು ನಮ್ಮನ್ನು ಕೊಲ್ತಾನೆ" ಎಂದು ಯಾರೋ ಹೇಳಿದರು.

ಸುಗುಣನ ಕೆನ್ನೆ ಜೋರಾಗಿ ಮಿಡಿಯಿತು. ನೋವಿಗೆ ಅವನು ಅಂಗೈಯಿಂದ ಕೆನ್ನೆ ಹಿಡಿದುಕೊಂಡ. ಜಿನ್ಸಿ ಗಾಡಿ ನಿಲ್ಲಿಸಿ, ತನ್ನ ಕಾಗದ ತೆಗೆದು, ಮೇಲಿಂದ ಕೆಳಗೆ ಓದಿ, ತಿರುಗಿಸಿ ಹಿಂದೆಯೂ ನೋಡಿದಳು.

"ಚೇಟ್ಟಾ, ಇದು ಪಟ್ಟಿಯಲ್ಲಿ ಇಲ್ಲ. ಗೊತ್ತಿಲ್ಲದ ಸನ್ನೆ ಬಂದ್ರೆ ನಾನು ನಿಲ್ತೀನಿ."

ಹೀಗೆ ಮೂರನೆಯದೂ ಸಿಕ್ಕಿತು. ಬೆರಳು ಸುತ್ತಿಸಿದರೆ ಮೇಲೆ, ಮುಂಡು ಬಿಟ್ಟರೆ ಕೆಳಗೆ, ಕೆನ್ನೆ ಹಿಡಿದರೆ ನಿಲ್ಲುತ್ತದೆ. ನೊಣ ಓಡಿಸಲು ಕೈ ಬೀಸಿದ್ದಕ್ಕೆ ಗಾಡಿ ಮುಂದೆ ಬಂದದ್ದರಿಂದ ನಾಲ್ಕನೆಯದೂ ಸೇರಿತು. ಇಷ್ಟು ವಿದ್ಯೆಯಲ್ಲಿ ಅವನು ಆರು ಪ್ಯಾಲೆಟ್ ಇಳಿಸಿದ. ಒಂದೊಂದು ಇಳಿಯುವಾಗಲೂ ಅವನ ಬೆನ್ನು ಬೆವರಿ, ಹಸಿರು ಅಂಗಿ ಒದ್ದೆಯಾಗಿ ಅಂಟಿಕೊಳ್ಳುತ್ತಿತ್ತು. ತಾನು ಗಾಡಿಯನ್ನು ಆಡಿಸುತ್ತಿದ್ದೇನೆಯೋ, ಗಾಡಿ ತನ್ನನ್ನು ಆಡಿಸುತ್ತಿದೆಯೋ ಅವನಿಗೆ ತಿಳಿಯದಾಗಿತ್ತು.

ಏಳನೆಯ ಪ್ಯಾಲೆಟ್‌ಗೆ ಅನಾಹುತ ಆಯಿತು.

ಲಾರಿ ನಿಲ್ಲುವ ಅಂಗಳದಿಂದ ಗೋದಾಮಿನ ಒಳಕ್ಕೆ ಒಂದು ಸಿಮೆಂಟಿನ ಇಳಿಜಾರು. ಅದನ್ನು ಹತ್ತುವಾಗ ಸರಕು ಮುಂದೆಯೇ ಇರಬೇಕು. ಆಗ ಮೂಟೆಯ ಗೋಡೆ ಕಣ್ಣಿಗೆ ಅಡ್ಡ ನಿಂತು ಜಿನ್ಸಿಗೆ ಎದುರಿನದು ಏನೂ ಕಾಣುವುದಿಲ್ಲ. ಪಕ್ಕದಲ್ಲಿ ನಿಂತ ಹಸಿರು ಅಂಗಿ ಮಾತ್ರ ಕಾಣುತ್ತದೆ. ಅವಳು ಅರ್ಧ ಹತ್ತಿದ್ದಳು. ಆಗ ಔಸೇಪ್, ಯಾರೊಡನೆಯೋ ಫೋನಿನಲ್ಲಿ ಜಗಳವಾಡುತ್ತ, ತಾನು ಎಲ್ಲಿದ್ದೇನೆಂಬ ಪರಿವೆಯಿಲ್ಲದೆ ಹಳದಿ ಗೆರೆ ದಾಟಿ ಇಳಿಜಾರಿನ ನಡುವಿಗೆ ಬಂದು ನಿಂತ.

ಸುಗುಣನ್ ಅದನ್ನು ಕಂಡ. ಈಚೆ ಬಾ, ಈಚೆ ಬಾ ಎಂದು ಔಸೇಪನಿಗೆ ಕೈ ಬೀಸಿದ. ಔಸೇಪ್ ನೋಡಲಿಲ್ಲ. ಜಿನ್ಸಿ ನೋಡಿದಳು. ಮುಂದೆ ಬಾ ಎಂದು ಕರೆಯುತ್ತಿದ್ದಾರೆಂದು ಮುಂದೆ ಬಂದಳು. ಅವನು ಇನ್ನೂ ಜೋರಾಗಿ ಬೀಸಿದ. ಅವಳು ಇನ್ನೂ ಜೋರಾಗಿ ಬಂದಳು. ಕೆನ್ನೆ ಹಿಡಿದರೆ ನಿಲ್ಲುತ್ತದೆ ಎಂಬುದು ಆ ಗಳಿಗೆಯಲ್ಲಿ ಅವನ ತಲೆಯಿಂದ ಹಾರಿಹೋಗಿತ್ತು. ಔಸೇಪನಿಗೂ ಕೋಡುಗಳಿಗೂ ನಡುವೆ ಎರಡು ಮಾರು ಉಳಿದಾಗ ಸುಗುಣನ್ ಡಾಕ್ಟರ ಮಾತು, ಹತ್ತಿ, ಗಾಯ ಎಲ್ಲ ಬಿಟ್ಟು, ಬಾಯಿ ತೆರೆದು, ಎದೆ ಬಿರಿಯುವ ಹಾಗೆ ಕೂಗಿದ.

"ನಿಲ್ಸೂ..."

ಜಿನ್ಸಿ ಬ್ರೇಕು ಒತ್ತಿದಳು. ಔಸೇಪ್ ಬೆಚ್ಚಿ ಹಿಂದಕ್ಕೆ ನೆಗೆದ. ತುದಿಯ ಮೂಟೆಯೊಂದು ಜಾರಿ, ಅವನು ನಿಂತಿದ್ದ ಜಾಗದಲ್ಲಿಯೇ ಬಿದ್ದು ಒಡೆಯಿತು.

ಮೈದಾದ ಮೋಡ ಇಳಿದಾಗ ಔಸೇಪ್ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಕಥಕಳಿಗೆ ಅರ್ಧ ಬಣ್ಣ ಹಚ್ಚಿ ಬಿಟ್ಟವನಂತೆ ನಿಂತಿದ್ದ. ಅವನೆದುರು ಸುಗುಣನ್, ಬಾಯಿಯಿಂದ ರಕ್ತ ಸುರಿಸುತ್ತ. ಹಸಿರು ಅಂಗಿಯ ಎದೆಯೆಲ್ಲ ಕೆಂಪು. ರಸ್ತೆಯಾಚೆಯಿಂದ ನೋಡಿದ ತಂಗಮ್ಮ ಒಬ್ಬ ಸತ್ತು ಬೆಳ್ಳಗಾಗಿದ್ದಾನೆ, ಇನ್ನೊಬ್ಬ ಸಾಯುತ್ತಿದ್ದಾನೆ ಎಂದುಕೊಂಡಳು. ಅವಳ ಗಿರಾಕಿಯೊಬ್ಬ ಕಂಪನಿಯ ಆಫೀಸಿಗೆ ಫೋನ್ ಮಾಡಿ ಇಬ್ಬರೂ ಹೋದರು ಎಂದೇ ಹೇಳಿಬಿಟ್ಟ.

ಮೊಯ್ದೀನ್ ಹೊಸ ಹತ್ತಿ ತಂದು ಸುಗುಣನ ಬಾಯಿಗೆ ತುರುಕಿದ. ಬಾಯಿ ಮತ್ತೆ ಮುಚ್ಚಿತು.

ಆಮೇಲೆ ಯಾರೂ ಗೆರೆಯ ಹತ್ತಿರ ಸುಳಿಯಲಿಲ್ಲ. ಗೆರೆಯಿಂದ ಎಂಟಡಿ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಮದವೇರಿದ ಆನೆ ಹಾದುಹೋಗುವುದನ್ನು ಕಾಯುವವರ ಹಾಗೆ ನಿಂತರು. ಪ್ಯಾಲೆಟ್ ನೆಲಕ್ಕಿಳಿದು, ಗಾಡಿ ಆಫ್ ಆಗಿ, ಸುಗುಣನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ ಮೇಲೆಯೇ ಮೂಟೆಗೆ ಕೈ ಹಾಕಲು ಬರುತ್ತಿದ್ದರು.

ಗೀತಾಮಣಿ ಮೇಡಂ ಕಾರಿನಿಂದ ಇಳಿದದ್ದು ಅಂಥ ಹೊತ್ತಿನಲ್ಲಿ. ಎರಡು ಹೆಣ ನೋಡಲು ಬಂದವರು ಗೇಟಿನಲ್ಲೇ ನಿಂತುಬಿಟ್ಟರು. ಅರ್ಧ ಗಂಟೆ ಅಲ್ಲಿಂದಲೇ ನೋಡಿದರು. ಸುಗುಣನ್ ಅವರನ್ನು ಕಂಡು ಸಮಾಧಾನದ ಉಸಿರು ಬಿಟ್ಟ. ಸದ್ಯ, ಇವರು ನನ್ನನ್ನು ಈ ಅಂಗಿಯಿಂದ ಬಿಡಿಸುತ್ತಾರೆ, ನಾಳೆಯಿಂದ ನನ್ನ ಮೂಟೆ ನನಗೆ.

"ಇಪ್ಪತ್ತೆರಡು ಗೋದಾಮಿಗೆ ಗೆರೆ ಎಳೆಸಿದೀನಿ" ಎಂದರು ಮೇಡಂ ಒಳಗೆ ಬಂದು. "ಎಲ್ಲ ಕಡೆ ಗೆರೆ ಮೇಲೇ ಕೂತು ಇಸ್ಪೀಟು ಆಡ್ತಾರೆ. ಒಬ್ಬರೂ ಹತ್ತಿರ ಬರದೇ ಇರೋದನ್ನ ಇವತ್ತೇ ನೋಡಿದ್ದು. ಆ ಮೂಟೆ ಹೇಗೆ ಒಡೀತು?"

ಔಸೇಪ್ ಮೀಸೆಯ ಮೈದಾ ಒರೆಸಿಕೊಂಡ. ಗೆರೆ ದಾಟಿದವನಿಗೆ ಮೂರು ದಿನ ಕೆಲಸವಿಲ್ಲ. ಕನ್ವೀನರೇ ದಾಟಿದ ಎಂದಾದರೆ ಮುಂದಿನ ಚುನಾವಣೆಯಲ್ಲಿ ಅವನ ಕುರ್ಚಿಯೂ ಇಲ್ಲ.

"ಜಾರಿತು ಮೇಡಂ. ಕೆಳಗೆ ಯಾರೂ ಇರ್ಲಿಲ್ಲ."

"ನೀವು ಯಾಕೆ ಹೀಗೆ ಬೆಳ್ಳಗಿದೀರಿ?"

"ಗಾಳಿ ನಮ್ಮ ಕಡೆ ಬೀಸ್ತು."

ಜಿನ್ಸಿ ಗಾಡಿಯಿಂದ ಇಳಿದು ಬಂದಳು. "ನನಗೆ ಮುಂದೆ ಏನೂ ಕಾಣ್ತಿರ್ಲಿಲ್ಲ ಮೇಡಂ. ಯಾರೋ ಕೂಗಿದ್ರು, ಬ್ರೇಕ್ ಹಾಕ್ದೆ. ನನ್ನ ಕಣ್ಣು ಇವರ ಕೈ ಮೇಲಿತ್ತು, ಕೂಗಿದ ಬಾಯಿ ಯಾರದು ಅಂತ ನೋಡ್ಲಿಲ್ಲ."

"ನಾನೇ" ಎಂದ ಔಸೇಪ್. "ಮೂಟೆ ಜಾರೋದು ಕಾಣ್ತು. ಗೆರೆಯ ಆಚೆಯಿಂದ ಕೂಗ್ದೆ."

ಸುಗುಣನ ಕಣ್ಣು ಅಗಲವಾದವು. ಅವನು ಮೊಯ್ದೀನ್‌ನ ಕಡೆ ನೋಡಿದ. ಮೊಯ್ದೀನ್ ತನ್ನ ಕಾಲ್ಬೆರಳು ಸರಿಯಾಗಿ ಹತ್ತು ಇವೆಯೇ ಎಂದು ನೋಡುವವನಂತೆ ನೆಲ ನೋಡುತ್ತಿದ್ದ. ಉಳಿದವರೂ ಹಾಗೆಯೇ. ಸಂಘದವನನ್ನು ಕಂಪನಿಯವರ ಮುಂದೆ ಬಿಟ್ಟುಕೊಡುವವರು ಅಲ್ಲಿ ಯಾರೂ ಇರಲಿಲ್ಲ.

"ಹುಂ, ಹುಂಹುಂ" ಎಂದ ಸುಗುಣನ್. ಔಸೇಪನನ್ನು ತೋರಿಸಿದ, ಇಳಿಜಾರನ್ನು ತೋರಿಸಿದ, ತನ್ನ ಬಾಯಿ ಮುಟ್ಟಿ ತೋರಿಸಿದ.

"ಏನಂತಾರೆ?" ಎಂದರು ಮೇಡಂ.

"ಹಲ್ಲು ಕೀಳಿಸಿಕೊಂಡಿದಾನೆ ಮೇಡಂ, ಪಾಪ" ಎಂದ ಔಸೇಪ್. "ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ. ಬರೀ ಕೈಯಲ್ಲೇ ಇಷ್ಟೂ ಕೆಲಸ."

ಮೇಡಂ ಗೆರೆಯನ್ನೂ ಸುಗುಣನನ್ನೂ ಒಮ್ಮೆ ನೋಡಿದರು. ಆಮೇಲೆ ಅವರ ಮುಖ ಬೆಳಗಿತು.

"ಅದಕ್ಕೇ" ಎಂದರು. "ಬೇರೆ ಕಡೆ ಸಿಗ್ನಲ್‌ಮ್ಯಾನ್‌ಗಳು ಹರಟೆ ಹೊಡೀತಾರೆ, ಅದನ್ನ ಕೇಳೋಕೆ ಜನ ಹತ್ತಿರ ಬರ್ತಾರೆ. ಇವರು ಮಾತಾಡ್ಲಿಲ್ಲ, ಯಾರೂ ಬರ್ಲಿಲ್ಲ. ಏನಾದ್ರೂ ಆದ್ರೆ ಕೂಗೋಕೆ ಗೆರೆಯ ಆಚೆ ಕನ್ವೀನರ್ ಇದ್ದಾರೆ. ಸುಗುಣನ್, ಇವತ್ತಿನಿಂದ ಈ ಕೆಲಸ ನಿಮಗೇ ಖಾಯಂ. ಡ್ಯೂಟಿಯಲ್ಲಿ ಸಿಗ್ನಲ್‌ಮ್ಯಾನ್ ಮಾತಾಡಬಾರದು ಅಂತ ರೂಲೇ ಮಾಡಿಸ್ತೀನಿ, ಎಲ್ಲ ಗೋದಾಮಿಗೂ."

ಸುಗುಣನ್ ಬೇಡ ಬೇಡವೆಂದು ಎರಡೂ ಕೈ ಆಡಿಸಿದ. ಎಷ್ಟು ಸಂಕೋಚದ ಮನುಷ್ಯ ಎಂದು ಮೇಡಂ ಮೆಚ್ಚಿಕೊಂಡರು. ಚಪ್ಪಾಳೆಯನ್ನು ಔಸೇಪನೇ ಶುರುಮಾಡಿದ.

ಕೂಗಿ ಬಿಚ್ಚಿಕೊಂಡಿದ್ದ ಹಲ್ಲಿನ ಗಾಯ ಐದನೇ ದಿನಕ್ಕೆ ಮಾಯಿತು; ಅಲ್ಲಿಯ ತನಕ ಡಾಕ್ಟರು ಬಾಯಿ ತೆರೆಯಗೊಟ್ಟಿರಲಿಲ್ಲ. ಹತ್ತಿ ಇಲ್ಲ, ಊತ ಇಲ್ಲ. ಆ ದಿನ ಕೂಗಿದ್ದು ಯಾರು, ಎಲ್ಲಿ ನಿಂತವನಿಗಾಗಿ ಎಂಬುದನ್ನು ಮೊದಲಿನಿಂದ ಕೊನೆಯ ತನಕ ಹೇಳಿಬಿಡಬೇಕೆಂದು ಸುಗುಣನ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಬಂದ. ಗೋದಾಮಿನ ಗೋಡೆಯ ಮೇಲೆ ಹೊಸ ಬೋರ್ಡು ತೂಗುತ್ತಿತ್ತು. ಅವನು ಅದನ್ನು ಓದಲಿಲ್ಲ. ಅಂಗಿ ಹಾಕಿಕೊಂಡು ನೇರ ಗೆರೆಯ ಅಂಚಿಗೆ ಬಂದು ನಿಂತ.

"ಔಸೇಪ್ ಚೇಟ್ಟಾ, ಆವತ್ತು ಇಳಿಜಾರಲ್ಲಿ..."

ಔಸೇಪ್ ಗೆರೆಯಿಂದ ಒಂದು ಅಡಿ ಆಚೆ, ಎರಡೂ ಪಾದ ಜೋಡಿಸಿ ನಿಂತಿದ್ದ. ಅವನು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಮೆಲ್ಲನೆ ಬೋರ್ಡು ತೋರಿಸಿದ.

"ಡ್ಯೂಟಿಯಲ್ಲಿ ಮಾತಾಡ್ಬೇಡ ಸುಗುಣಾ. ಮೂರು ದಿನದ ಕೆಲಸ ಹೋಗುತ್ತೆ."

ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯಿತು. ಜಿನ್ಸಿ ಬೆಲ್ಟು ಬಿಗಿದುಕೊಂಡು ಅವನ ಕೈಯನ್ನೇ ನೋಡತೊಡಗಿದಳು. ಸುಗುಣನ್ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡ.