ಅಂಬಣ್ಣನ ಕಾಲು, ಪಾಷಾ ಭಾಯಿ ನಂಬರು

ಬೆಳಿಗ್ಗೆ ಅಂಬಣ್ಣನ ಅಂಗಾಲಿಗೆ ತುಕ್ಕು ಹಿಡಿದ ಮೊಳೆ ನಾಟಿತು. ಬೆಂಗಳೂರಿನ ಟಿನ್ ಫ್ಯಾಕ್ಟರಿ ಸಿಗ್ನಲ್ ಹತ್ತಿರದ ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಯಾರೂ ಅವನ ಕಾಲು ನೋಡಲಿಲ್ಲ.

ಅವನನ್ನು ಅಲ್ಲಿಗೆ ಅಟ್ಟಿದವರು ಪಂಕ್ಚರ್ ಅಂಗಡಿಯ ಅಹ್ಮದ್ ಪಾಷಾ. "ಸಣ್ಣ ಕ್ಲಿನಿಕ್ಕಿಗೆಲ್ಲ ಹೋಗ್ಬೇಡಪ್ಪಾ. ದೊಡ್ಡಾಸ್ಪತ್ರೇಲಿ ಕಂಪ್ಯೂಟರೇ ಡಾಕ್ಟರಿಗೆ ಏನ್ ಮಾಡ್ಬೇಕು ಅಂತ ಹೇಳ್ಕೊಡುತ್ತೆ. ತಪ್ಪೋ ಚಾನ್ಸೇ ಇಲ್ಲ!"

ಅಂಬಣ್ಣ ಕುಂಟುತ್ತಲೇ ಹೊರಟ. ಹೋದ ಮಳೆಗಾಲದಲ್ಲಿ ಇಂಥದೇ ಮೊಳೆ ತುಳಿದು ಸುಮ್ಮನಿದ್ದ ಜೊತೆ ಕೆಲಸಗಾರ ಅಮರಪ್ಪನ ಪಾದವನ್ನೇ ಕತ್ತರಿಸಿದ್ದರು. ಗೋಡೌನಿನಲ್ಲಿ ಮೂಟೆ ಹೊರುವವನಿಗೆ ಕಾಲು ಹೋದರೆ ಇನ್ನೇನು ಉಳಿಯುತ್ತದೆ?

ಆಸ್ಪತ್ರೆಯ ಕೌಂಟರಿನಲ್ಲಿ ಫೋನ್ ನಂಬರು ಕೇಳಿದರು. ಅಂಬಣ್ಣ ಪಾಷಾ ಭಾಯಿಯ ನಂಬರು ಕೊಟ್ಟ. ಗರುಡಾಚಾರ್‌ಪಾಳ್ಯದ ಶೀಟಿನ ಸಾಲುಮನೆಗಳಲ್ಲಿ ಅದೇ ಪದ್ಧತಿ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಸಿಮ್ಮು ರೀಚಾರ್ಜ್ ಮುಗಿದ ದಿನವೇ ಸಾಯುತ್ತಿತ್ತು. ಪಾಷಾ ಭಾಯಿ ಮಾತ್ರ ಶಿವಾಜಿನಗರ ಬಿಟ್ಟು ಬಂದು ಅಂಗಡಿ ಬದಲಿಸಿದ್ದರೂ ನಂಬರು ಬದಲಿಸಿರಲಿಲ್ಲ. ಹಾಗಾಗಿ ಬ್ಯಾಂಕಿಗೂ ಅದೇ, ಗ್ಯಾಸಿಗೂ ಅದೇ, ಆಸ್ಪತ್ರೆಗೂ ಅದೇ. ಕರೆ ಬಂದರೆ ಪಾಷಾ ಟ್ಯೂಬು ಹಿಡಿದುಕೊಂಡೇ ಸಾಲಿನ ತುದಿಗೆ ಬಂದು ಹೆಸರು ಕೂಗುತ್ತಿದ್ದರು.

ಡಾಕ್ಟರ್ ಪ್ರಿಯದರ್ಶಿನಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಏನ್ ತೊಂದ್ರೆ?"

"ಕಾಲಾಗ ಮೊಳಿ ಹೊಕ್ಕೈತ್ರಿ ಮೇಡಂ."

ಅವರು ಅಷ್ಟನ್ನು ಟೈಪಿಸಿದ್ದೇ ತಡ, ಪರದೆ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಂತೆ ಕೆಂಪಾಯಿತು. ಹಸಿರಾಗುವ ಲಕ್ಷಣವೂ ಅದರಂತೆಯೇ ಇರಲಿಲ್ಲ.

"ಅಯ್ಯೋ, ಅಲ್ಲಾಡ್ಬೇಡಿ! ಶುಗರ್ ನಾನೂರಿದೆ. ಗರ್ಭಕೋಶ ಬೇರೆ ತೆಗೆದಿದ್ದಾರೆ."

ಅಂಬಣ್ಣ ಮೀಸೆ ಮುಟ್ಟಿ ನೋಡಿಕೊಂಡ. "ನನ್ನ ಕೇಳದಂಗ ಯಾವಾಗ ತಗದ್ರಿ?"

"ದಡಾರದ ಚುಚ್ಚುಮದ್ದೂ ಬಾಕಿ. ಒಂದೂವರೆ ವರ್ಷಕ್ಕೇ ಹಾಕಿಸ್ಬೇಕಿತ್ತು. ಯಾಕೆ ಹಾಕಿಸ್ಲಿಲ್ಲ?"

"ನಮ್ಮವ್ವನ್ನ ಕೇಳ್ಬೇಕ್ರಿ. ಮೇಡಂ, ಒಂದ್ಸಲ ಕಾಲು ನೋಡ್ರಿ..."

"ಇದೆಲ್ಲ ಕ್ಲಿಯರ್ ಆಗೋವರೆಗೂ ಮೊಳೆಗೆ ಸೂಜಿ ಕೊಡೋಕೆ ಸಿಸ್ಟಮ್ ಬಿಡಲ್ಲ. ಸಿಸ್ಟರ್, ಅಡ್ಮಿಟ್ ಮಾಡ್ಕೊಳಿ."

ಎಂಟು ವರ್ಷ ಓದಿ ಬಂದ ಕಣ್ಣಿಗೆ ಎದುರಿನ ಮೀಸೆ ಕಾಣಲಿಲ್ಲ. ಪರದೆಯ ಗರ್ಭಕೋಶ ಕಂಡಿತು. ಅಂಬಣ್ಣನಿಗೆ ಇಲ್ಲದ ರೋಗಗಳಿಗೆಲ್ಲ ಉಪಚಾರ ಶುರುವಾಯಿತು. ಒಬ್ಬರು ರಕ್ತ ಎಳೆದರು, ಇನ್ನೊಬ್ಬರು ಹೊಟ್ಟೆ ಒತ್ತಿದರು, ಮತ್ತೊಬ್ಬರು ಸಪ್ಪೆ ಗಂಜಿ ತಂದಿಟ್ಟರು. ಕಾಲು ಮಾತ್ರ ಹಲಸಿನ ಕಾಯಿಯಂತೆ ಊದುತ್ತ ಹೋಯಿತು. ಅದರ ಮೇಲೆ ಶುಭ್ರ ಬಿಳಿ ಹೊದಿಕೆ ಹೊದಿಸಿದರು.

ಸುದ್ದಿ ಪಾಷಾ ಭಾಯಿಯ ಫೋನಿಗೇ ಬಂತು. ಶುಗರ್, ಗರ್ಭಕೋಶ ಎಂದೆಲ್ಲ ಕೇಳಿದ್ದೇ ಅವರು ಅಂಬಣ್ಣನ ಪಕ್ಕದ ಮನೆಯ ಮಾನಮ್ಮನನ್ನು ಕರೆದುಕೊಂಡು ಓಡಿ ಬಂದರು.

"ಯಾ ಅಲ್ಲಾ! ಆ ಶುಗರ್ ನಂದು ಮೇಡಂ. ಅವನಿಗ್ಯಾಕೆ ಕೊಟ್ಬಿಟ್ರಿ?"

ಮಾನಮ್ಮ ಸೆರಗು ಬಿಗಿದು ಮುಂದೆ ಬಂದಳು. "ದಡಾರದ ಸೂಜಿ ನನ್ನ ಮೊಮ್ಮಗಂದು. ಗರ್ಭಕೋಶ ನಂದು. ನಮ್ಮ ಕಡಿ ದವಾಖಾನ್ಯಾಗ ಹೊಟ್ಟಿನೋವು ಅಂದ್ರ ಸಾಕು, ಅದನ್ನ ತಗದು ಕಳಸ್ತಾರ. ತಗದದ್ದು ಸಾಲದಂತ ಈಗ ಗಂಡಸಿನ ಹೆಸರಿಗೂ ಬರದ್ರೇನು?"

ಕಂಪ್ಯೂಟರ್ ನೋಡಿಕೊಳ್ಳುವ ಸುನೀಲನನ್ನು ಕರೆಸಿದರು. ಅವನು ಚ್ಯೂಯಿಂಗ್ ಗಮ್ ಅಗಿಯುತ್ತ, "ನಂಬರ್ ಒಂದೇ ಅಂತ ಎಲ್ರನ್ನೂ ಒಂದೇ ಪೇಷೆಂಟ್ ಅನ್ಕೊಂಡಿದೆ. ಎರಡ್ನಿಮಿಷ, ಬೇರೆ ಮಾಡ್ತೀನಿ," ಎಂದ.

ಶುಗರ್ ಪಾಷಾ ಭಾಯಿಗೆ ಮರಳಿತು. ಚುಚ್ಚುಮದ್ದು ಕೂಸಿಗೆ ಹೋಯಿತು. ಮಾನಮ್ಮನ ಗರ್ಭಕೋಶವೂ ಮಾನಮ್ಮನಿಗೇ ಸೇರಿತು, ಕಂಪ್ಯೂಟರಿನೊಳಗೆ. ಬೆಳಿಗ್ಗೆ ಬರೆದ ಮೊಳೆಯೊಂದು ಯಾರ ಪಾಲಿಗೂ ಸೇರದೆ ಉಳಿಯಿತು. ನಂಬರು ಯಾರದೋ, ಮೊಳೆಯೂ ಅವರದೇ ಎಂದು ಸುನೀಲ ಅದನ್ನು ಪಾಷಾ ಭಾಯಿಗೆ ಹಾಕಿ ಎದ್ದು ಹೋದ.

ಪರದೆ ಹಸಿರಾಯಿತು. ಇಬ್ಬರು ನರ್ಸುಗಳು ಬಂದು ಪಾಷಾ ಭಾಯಿಯ ರಟ್ಟೆ ಹಿಡಿದರು.

"ಅರೆ, ನನಗ್ಯಾಕಮ್ಮಾ? ನನ್ನ ಕಾಲಿಗೆ ಏನೂ ಆಗಿಲ್ಲ!"

"ಎಲ್ರೂ ಹಾಗೇ ಅಂತಾರೆ ಅಂಕಲ್. ಸಿಸ್ಟಮ್ಮಲ್ಲಿದೆ."

ಸೂಜಿ ಚುಚ್ಚಿಯೇಬಿಟ್ಟರು. ನೆಟ್ಟಗಿದ್ದ ಕಾಲಿಗೆ ಮೊಣಕಾಲಿನವರೆಗೆ ಬಿಳಿ ಪಟ್ಟಿ ಸುತ್ತಿದರು. ಕಂಪ್ಯೂಟರೇ ಹೇಳ್ಕೊಡುತ್ತೆ ಎಂದಿದ್ದ ಪಾಷಾ ಪಟ್ಟಿಯ ತುದಿ ಹುಡುಕತೊಡಗಿದರು.

ಪ್ರಿಯದರ್ಶಿನಿ, ಸೊಪ್ಪಿನ ಗಾಡಿಯಂತೆ ಕಂಪ್ಯೂಟರನ್ನು ತಳ್ಳಿಕೊಂಡು ಅಂಬಣ್ಣನ ಮಂಚದ ಬಳಿ ಬಂದರು. ಮುಖದಲ್ಲಿ ಗೆದ್ದ ಕಳೆ. "ಗುಡ್ ನ್ಯೂಸ್! ನಿಮಗೇನೂ ಇಲ್ಲ. ನೀವು ಪೂರ್ತಿ ಫಿಟ್. ಏಳಿ, ಬೆಡ್ ಖಾಲಿ ಮಾಡಿ."

ಅಂಬಣ್ಣ ಹೊದಿಕೆ ಕಿತ್ತೆಸೆದ. ರಕ್ತ ಜಿನುಗುತ್ತಿದ್ದ ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಕೀಬೋರ್ಡಿನ ಮೇಲಿಟ್ಟ. ಪರದೆ ಪಟಪಟನೆ ಅಕ್ಷರ ಕಾರತೊಡಗಿತು.

"ಕಾಲು ತೆಗೀರಿ! ಏಳಿ ಅಂದ್ನಲ್ಲ!"

"ಏಳಂಗಿಲ್ರೀ."